ನಿಮಗಿದು ಗೊತ್ತೇ? ಹಳೆಯ ಸ್ಪೋರ್ಟ್ಸ್ ಕಾರು, ಪಕ್ಕದ ಕನ್ನಡಿ

ಜಾಗ್ವಾರ್ ಇ-ಟೈಪ್ 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರಬಂದಾಗ, ಗಂಟೆಗೆ 240 ಕಿ.ಮೀ. ಓಡುವ ಕಾರೆಂದು ಜನ ಬೆರಗಾದರು. ಅಷ್ಟು ವೇಗದ ಕಾರಿಗೆ ಕಂಪನಿ ಪಕ್ಕದ ಕನ್ನಡಿಯನ್ನೇ ಕೊಡುತ್ತಿರಲಿಲ್ಲ ಎಂಬುದು ಗೊತ್ತೇ? ಒಳಗೆ ಒಂದು ಕನ್ನಡಿ, ಅಷ್ಟೇ. ಹೊರಗೂ ಬೇಕೆಂದವರು ಡೀಲರಿಗೆ ಹೇಳಿ ಹಾಕಿಸಿಕೊಳ್ಳಬೇಕಿತ್ತು. ಆ ದಶಕದ ಬಹುಪಾಲು ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳದ್ದೂ ಇದೇ ಕಥೆ. ಹಾಗಾಗಿ ಒಂದೇ ಮಾದರಿಯ ಎರಡು ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಕನ್ನಡಿಯ ತೂತುಗಳು ಬೇರೆ ಬೇರೆ ಕಡೆ ಇರುತ್ತವೆ. ಇಂಥ ಕಾರಿಗೆ ಕನ್ನಡಿ ಎಲ್ಲಿರಬೇಕೆಂದು ಕಾರ್ಖಾನೆಯ ನಕ್ಷೆ ಹೇಳುವುದಿಲ್ಲ, ಓಡಿಸುವವರ ಕಣ್ಣು ಹೇಳಬೇಕು. ಅಂದ ನೋಡಿ ಕನ್ನಡಿ ಕೊಂಡು, ಆಮೇಲೆ ಅದಕ್ಕೊಂದು ಜಾಗ ಹುಡುಕುವವರೇ ಹೆಚ್ಚು. ಈ ಕ್ರಮ ತಲೆಕೆಳಗು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರಿಗೆ ಕನ್ನಡಿ ಬರುವ ಮೊದಲೇ ಕಾರಿನಲ್ಲಿ ಕನ್ನಡಿ ಇಟ್ಟುಕೊಳ್ಳಿ ಎಂದು ಬರೆದವರು ಒಬ್ಬ ಮಹಿಳೆ! ಇಂಗ್ಲೆಂಡಿನ ರೇಸ್ ಚಾಲಕಿ ಡೊರೊಥಿ ಲೆವಿಟ್, 1909ರಲ್ಲಿ ಹೆಣ್ಣುಮಕ್ಕಳಿಗಾಗಿ ಬರೆದ ಕಾರು ಕೈಪಿಡಿಯಲ್ಲಿ, ಒಂದು ಕೈಗನ್ನಡಿ ಜೊತೆಗಿರಲಿ, ಹಿಂದೆ ಏನು ಬರುತ್ತಿದೆ ಎಂದು ಆಗಾಗ ಎತ್ತಿ ಹಿಡಿದು ನೋಡಬಹುದು ಎಂದು ಸಲಹೆ ಕೊಟ್ಟಿದ್ದರು.

ಎರಡು ವರ್ಷದ ನಂತರ, 1911ರ ಮೊದಲ ಇಂಡಿಯಾನಾಪೊಲಿಸ್ 500 ರೇಸು. ಓಟಕ್ಕಿಳಿದ ಕಾರುಗಳು 40. ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಕುಳಿತು ಹಿಂದಿನ ಕಾರುಗಳನ್ನು ಗಮನಿಸಿ ಹೇಳುವುದು ಆಗಿನ ಪದ್ಧತಿ. ಒಬ್ಬಂಟಿಯಾಗಿ ಕುಳಿತವನು ರೇ ಹ್ಯಾರೌನ್ ಮಾತ್ರ. ಅದು ಅಪಾಯ ಎಂದು ಉಳಿದವರು ತಕರಾರು ತೆಗೆದಾಗ, ತನ್ನ ಮಾರ್ಮನ್ ವಾಸ್ಪ್ ಕಾರಿನಲ್ಲಿ ಸೀಟಿನ ಮುಂದೆ ಒಂದು ಕನ್ನಡಿ ಕಟ್ಟಿಕೊಂಡು ಬಂದ, ಸರಾಸರಿ ಗಂಟೆಗೆ 120 ಕಿ.ಮೀ. ವೇಗದಲ್ಲಿ ಗೆದ್ದೂಬಿಟ್ಟ. ಕುದುರೆಗಾಡಿಯೊಂದರ ಮೇಲೆ ಇಂಥದ್ದನ್ನು ಕಂಡಿದ್ದ ನೆನಪು ಅವನಿಗಿತ್ತು. ಆದರೆ ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಎಷ್ಟು ನಡುಗುತ್ತಿತ್ತೆಂದರೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಮುಂದೆ ಅವನೇ ಹೇಳಿಕೊಂಡ.

ಯಾಕೆ ಕಾಣಲಿಲ್ಲ? ಇದು ಹೈಸ್ಕೂಲು ವಿಜ್ಞಾನ. ಕನ್ನಡಿ 1 ಡಿಗ್ರಿ ತಿರುಗಿದರೆ ಅದರಲ್ಲಿ ಕಾಣುವ ದೃಶ್ಯ 2 ಡಿಗ್ರಿ ಸರಿಯುತ್ತದೆ. ಕನ್ನಡಿ 0.1 ಡಿಗ್ರಿಯಷ್ಟೇ ನಡುಗಿದರೂ 50 ಮೀಟರ್ ಹಿಂದಿರುವ ಕಾರು 17 ಸೆಂ.ಮೀ.ನಷ್ಟು ಅತ್ತಿತ್ತ ಕುಣಿಯುತ್ತದೆ. ನಂಬರ್ ಪ್ಲೇಟ್ ಹಾಳಾಗಲಿ, ಲಾರಿಯೋ ಕಾರೋ ಎಂಬುದೇ ತಿಳಿಯದಂತಾಗಲು ಇನ್ನು ಸ್ವಲ್ಪ ನಡುಕ ಸಾಕು. ಕನ್ನಡಿ ಕೊಳ್ಳುವಾಗ ಕಾಂಡದ ಉದ್ದ ನೋಡಿ ಎನ್ನುವುದು ಇದಕ್ಕೇ. ಕಾಂಡ ಉದ್ದವಾದಷ್ಟೂ, ತೆಳುವಾದಷ್ಟೂ ನಡುಕ ಜಾಸ್ತಿ. ಗಿಡ್ಡ ಕಾಂಡ, ಅಗಲವಾದ ಬುಡ, ಬಿಗಿ ಮಾಡಲು ಬರುವ ಬಾಲ್ ಜಾಯಿಂಟ್: ಈ ಮೂರೂ ಇರುವ ಕನ್ನಡಿಯನ್ನು ನೋಡಲು ಸಾಧಾರಣವಾಗಿದ್ದರೂ ಬಿಡಬೇಡಿ.

ಬ್ರಿಟನ್ನಿನ ಕಾನೂನಿನಲ್ಲಿ ಗೆರೆ ಎಳೆದ ದಿನ 1978ರ ಜೂನ್ 1. ಅದಕ್ಕೆ ಮೊದಲು ರಸ್ತೆಗಿಳಿದ ಕಾರಿಗೆ ಒಳಗೋ ಹೊರಗೋ ಒಂದು ಕನ್ನಡಿ ಇದ್ದರೆ ಸಾಕು. ಆಮೇಲಿನವಕ್ಕೆ ಒಳಗೊಂದು, ಚಾಲಕನ ಬದಿಯ ಹೊರಗೊಂದು ಕಡ್ಡಾಯ. ಅಮೆರಿಕ ಹತ್ತು ವರ್ಷ ಮೊದಲೇ ಎಚ್ಚೆತ್ತಿತ್ತು. 1968ರ ಜನವರಿ 1ರಿಂದ ಅಲ್ಲಿ ಚಾಲಕನ ಬದಿಯ ಹೊರಗನ್ನಡಿ ಬೇಕೇ ಬೇಕು, ಅದೂ ಸಮತಲ ಗಾಜಿನದ್ದೇ ಆಗಬೇಕು.

1962ರಿಂದ 1980ರವರೆಗೆ ಆಬಿಂಗ್ಡನ್ ಊರಿನಲ್ಲಿ 5 ಲಕ್ಷಕ್ಕೂ ಹೆಚ್ಚು ತಯಾರಾದ ಎಂಜಿಬಿ ಈ ಎಲ್ಲ ಕಾನೂನುಗಳನ್ನೂ ಕಂಡ ಕಾರು. ಹಳೆಯ ಎಂಜಿಬಿಗೆ ಒಂದೇ ಕನ್ನಡಿ ಸಾಕೆಂದು ಕಾನೂನು ಹೇಳಬಹುದು. ಆದರೆ ಬಟ್ಟೆಯ ಹುಡ್ ಏರಿಸಿ ಕುಳಿತು ನೋಡಿ: ಒಳಗನ್ನಡಿಯಲ್ಲಿ ಕಾಣುವುದು ಹುಡ್ಡಿನ ಹಿಂದಿರುವ ಪ್ಲಾಸ್ಟಿಕ್ ಕಿಟಕಿಯಷ್ಟು ಮಾತ್ರ. ಪ್ಲಾಸ್ಟಿಕ್ ಮಬ್ಬಾಗಿದ್ದರೆ ಅದೂ ಇಲ್ಲ. ಎರಡೂ ಬದಿಯಲ್ಲಿ ಕನ್ನಡಿ ಹಾಕಿಸಿ ಎಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಇನ್ನು ಗಾಜಿನ ವಿಷಯ. ಹಣಕ್ಕಿಂತ ಹೆಚ್ಚು ಯೋಚನೆ ಖರ್ಚು ಮಾಡಬೇಕಾದ್ದು ಇಲ್ಲೇ.

10 ಸೆಂ.ಮೀ. ಅಗಲದ ಸಮತಲ ಕನ್ನಡಿಯನ್ನು ಬಾಗಿಲ ಮೇಲೆ, ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿ ಇಟ್ಟರೆ ಹೆಚ್ಚೆಂದರೆ 9.5 ಡಿಗ್ರಿಯಷ್ಟು ಅಗಲದ ದೃಶ್ಯ ಸಿಗುತ್ತದೆ. ಅದೇ ಕನ್ನಡಿಯನ್ನು ಮುಂದಿನ ಮಡ್‌ಗಾರ್ಡಿನ ಮೇಲೆ, 1.5 ಮೀಟರ್ ದೂರಕ್ಕೆ ಒಯ್ದರೆ? 4 ಡಿಗ್ರಿಯೂ ಇಲ್ಲ. 50 ಮೀಟರ್ ಹಿಂದೆ ಸುಮಾರು 3.3 ಮೀಟರ್ ಅಗಲದ ಪಟ್ಟಿ ಮಾತ್ರ ಕಾಣುತ್ತದೆ, ಅಂದರೆ ಬರೀ ಒಂದು ಲೇನು. ಈಗ ಗಾಜು ಬದಲಿಸಿ. 1200 ಮಿ.ಮೀ. ವಕ್ರತಾ ತ್ರಿಜ್ಯದ, ಹೊರಕ್ಕೆ ಉಬ್ಬಿದ ಪೀನ ದರ್ಪಣ ಹಾಕಿದರೆ ಬಾಗಿಲ ಮೇಲಿನ ನೋಟ 19 ಡಿಗ್ರಿಗೆ ಏರುತ್ತದೆ, ಮಡ್‌ಗಾರ್ಡಿನ ಮೇಲಿನದ್ದು 13 ಡಿಗ್ರಿ ದಾಟುತ್ತದೆ.

ಲಾಭಕ್ಕೆ ತಕ್ಕ ನಷ್ಟವೂ ಉಂಟು. ಆ ಪೀನ ದರ್ಪಣ ಬಾಗಿಲ ಮೇಲಿದ್ದರೆ ಹಿಂದಿನ ವಾಹನ ಅರ್ಧ ಗಾತ್ರದಲ್ಲಿ ಕಾಣುತ್ತದೆ. ಮಡ್‌ಗಾರ್ಡಿನ ಮೇಲಿದ್ದರೆ ಮೂರರಲ್ಲೊಂದು ಭಾಗಕ್ಕಿಂತಲೂ ಚಿಕ್ಕದು. ಚಿಕ್ಕದಾಗಿ ಕಂಡದ್ದನ್ನು ಮನಸ್ಸು ದೂರವಿದೆ ಎಂದು ಓದಿಕೊಳ್ಳುತ್ತದೆ, ಓವರ್‌ಟೇಕ್ ಮಾಡಲು ಕೈ ಮುಂದಾಗುತ್ತದೆ. ಅಮೆರಿಕದ ಕಾರುಗಳಲ್ಲಿ ಪ್ರಯಾಣಿಕರ ಬದಿಯ ಪೀನ ದರ್ಪಣದ ಮೇಲೆ ವಸ್ತುಗಳು ಕಾಣುವುದಕ್ಕಿಂತ ಹತ್ತಿರ ಇವೆ ಎಂದು ಕೆತ್ತಲೇಬೇಕೆಂಬ ನಿಯಮ ಬಂದದ್ದು ಇದೇ ಕಾರಣಕ್ಕೆ. ಅಲ್ಲಿ ಆ ಗಾಜಿನ ತ್ರಿಜ್ಯಕ್ಕೂ ಮಿತಿ ಇದೆ: 889ರಿಂದ 1651 ಮಿ.ಮೀ. ಒಳಗೆ. ಯುರೋಪಿನ ನಿಯಮದಲ್ಲಿ ಹೊಸ ಕಾರುಗಳ ಮುಖ್ಯ ಹೊರಗನ್ನಡಿಯ ತ್ರಿಜ್ಯ 1200 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ.

ನನ್ನ ತೀರ್ಪು: ಚಾಲಕನ ಬದಿಯ ಬಾಗಿಲಿಗೆ ಸಮತಲ ಅಥವಾ ತೀರಾ ಕಡಿಮೆ ಉಬ್ಬಿನ ಗಾಜು, ಇನ್ನೊಂದು ಬದಿಗೆ ಪೀನ. ಮಡ್‌ಗಾರ್ಡಿನ ಮೇಲಾದರೆ ಎರಡೂ ಪೀನ. ಹೊರದೇಶದಿಂದ ಜೋಡಿ ತರಿಸುವವರು ಒಂದು ಮಾತು ನೆನಪಿಡಬೇಕು. ಅಮೆರಿಕಕ್ಕೆಂದು ಮಾಡಿದ ಜೋಡಿಯಲ್ಲಿ ಸಮತಲ ಗಾಜು ಎಡಗಡೆಯದಕ್ಕೆ ಇರುತ್ತದೆ, ಏಕೆಂದರೆ ಅಲ್ಲಿ ಚಾಲಕ ಎಡಕ್ಕೆ. ನಮ್ಮ ಬಲಗೈ ಸ್ಟಿಯರಿಂಗಿನ ಕಾರಿಗೆ ಅದು ಅದಲುಬದಲು.

ಒಂದು ಸುಲಭದ ಪರೀಕ್ಷೆ: ಅಂಗಡಿಯಲ್ಲಿ ಸಮತಲವೋ ಪೀನವೋ ತಿಳಿಯದಿದ್ದರೆ ಗಾಜಿನ ಮೇಲೆ ಒಂದು ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ. ಎರಡು ತುದಿಯಲ್ಲಿ ಬೆಳಕು ಕಂಡರೆ ಪೀನ.

ಜಪಾನಿನಲ್ಲಿ 1983ರವರೆಗೆ ಹೊಸ ಕಾರಿನ ಬಾಗಿಲ ಮೇಲೆ ಕನ್ನಡಿ ಇಡಲು ಅನುಮತಿಯೇ ಇರಲಿಲ್ಲ ಎಂದರೆ ನಂಬುತ್ತೀರಾ? ಕನ್ನಡಿ ಮುಂದಿನ ಫೆಂಡರಿನ, ಅಂದರೆ ಮಡ್‌ಗಾರ್ಡಿನ ಮೇಲೆಯೇ ಇರಬೇಕಿತ್ತು. ಟೊಯೊಟಾ 2000ಜಿಟಿ ಎಂಬ ಸುಂದರಿಗೂ ಫೆಂಡರ್ ಕನ್ನಡಿ. 1969ರ ನಿಸ್ಸಾನ್ ಫೇರ್‌ಲೇಡಿ ಝಡ್ ತನ್ನ ದೇಶದಲ್ಲಿ ಫೆಂಡರ್ ಕನ್ನಡಿ ಹೊತ್ತು ಓಡಿತು. ಅದೇ ಕಾರು ಡಾಟ್ಸನ್ 240ಝಡ್ ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋದಾಗ ಕನ್ನಡಿ ಬಾಗಿಲಿಗೆ ಬಂತು. ಜಪಾನಿನ ಟ್ಯಾಕ್ಸಿಗಳಲ್ಲಿ ಫೆಂಡರ್ ಕನ್ನಡಿ ಈಗಲೂ ಉಳಿದಿದೆ. ಅದಕ್ಕೆ ಸಕಾರಣವಿದೆ: ಮುಂದಿನ ಗಾಜಿನ ಮೂಲಕವೇ ಕಾಣುವುದರಿಂದ ತಲೆ ತಿರುಗಿಸಬೇಕಿಲ್ಲ, ಕಣ್ಣು ಸ್ವಲ್ಪ ಸರಿಸಿದರೆ ಸಾಕು. ಮಳೆಯಲ್ಲಿ ವೈಪರ್ ಒರೆಸಿದ ಜಾಗದಿಂದಲೇ ನೋಟ. ಬಾಗಿಲ ಕನ್ನಡಿಗೆ ಆ ಸೌಕರ್ಯವಿಲ್ಲ, ಪಕ್ಕದ ಕಿಟಕಿಯ ಹನಿಗಳ ನಡುವೆ ಇಣುಕಬೇಕು.

ಹಾಗಾದರೆ ಮಡ್‌ಗಾರ್ಡೇ ಒಳ್ಳೆಯದೇ? ಇ-ಟೈಪಿನ ವಿಷಯದಲ್ಲಿ ಅಷ್ಟು ಬೇಗ ಹೂಂ ಅನ್ನಬೇಡಿ. ಅದರ ಬಾನೆಟ್ಟೂ ಎರಡು ಮಡ್‌ಗಾರ್ಡುಗಳೂ ಸೇರಿ ಒಂದೇ ತುಂಡು, ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅಲ್ಲಿ ಹಾಕಿದ ಕನ್ನಡಿ ಬಾನೆಟ್ ತೆರೆದಾಗಲೆಲ್ಲ ಅದರ ಜೊತೆ ಏಳುತ್ತದೆ, ಮುಚ್ಚಿದಾಗ ಅದರ ಜೊತೆ ಅದುರುತ್ತದೆ. ತೂತು ಬೀಳುವುದು ಕಾರಿನ ಅತಿ ದುಬಾರಿ ತಗಡಿನ ಮೇಲೆ. ಟ್ರಯಂಫ್ ಸ್ಪಿಟ್‌ಫೈರ್‌ನದ್ದೂ ಇದೇ ವಿನ್ಯಾಸ. ಇದನ್ನು ನಮ್ಮ ಹಿರಿಯರು ಬೇರೆ ಕಾರಿನಲ್ಲಿ ಕಂಡಿದ್ದಾರೆ: ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್! ಹೆರಾಲ್ಡ್ ಮತ್ತು ಸ್ಪಿಟ್‌ಫೈರ್ ಎರಡನ್ನೂ ರೂಪಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡಗೊಳಿಸಿ 1962ರ ಸ್ಪಿಟ್‌ಫೈರ್ ಕಟ್ಟಿದರು.

ಇನ್ನು ಆಕಾರ. ಬಂದೂಕಿನ ಗುಂಡಿನಾಕಾರದ ಕನ್ನಡಿ ಬರೀ ಶೋಕಿಯಲ್ಲ. 12 ಸೆಂ.ಮೀ. ವ್ಯಾಸದ ಚಪ್ಪಟೆ ತಟ್ಟೆಯನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ ಗಾಳಿಗೆ ಒಡ್ಡಿದರೆ ಸುಮಾರು 600 ಗ್ರಾಂ ತೂಕದಷ್ಟು ಬಲ ಅದನ್ನು ಹಿಂದಕ್ಕೆ ನೂಕುತ್ತದೆ. 160ಕ್ಕೆ ಏರಿದರೆ ಅದು ಒಂದೂವರೆ ಕಿಲೊ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಚಪ್ಪಟೆ ಬೆನ್ನಿನ ಅಗ್ಗದ ದುಂಡು ಕನ್ನಡಿ ಹೆದ್ದಾರಿಯಲ್ಲಿ ತಾನಾಗಿ ತಿರುಗಿಬಿಡುವುದು ಈ ನೂಕಿಗೆ. ಬೆನ್ನು ಅರ್ಧಗೋಳವಾಗಿದ್ದರೆ ಬಲ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ಗುಂಡಿನಾಕಾರದವುಗಳಲ್ಲಿ ಗಾಜು ಚಿಕ್ಕದು. ರೇಸಿಗೆ ಸರಿ, ಬೆಂಗಳೂರಿನ ಟ್ರಾಫಿಕ್ಕಿಗೆ ಸಾಲದು.

ಹೆಸರುಗಳನ್ನೂ ತಿಳಿದಿರಿ. ಬ್ರಿಟನ್ನಿನಲ್ಲಿ ಲೂಕಾಸ್, ಡೆಸ್ಮೊ, ವಿಂಗಾರ್ಡ್, ಟೆಕ್ಸ್, ರೇಡಿಯಟ್; ಬರ್ಲಿನ್ನಿನಲ್ಲಿ ಟಾಲ್ಬೊಟ್; ಇಟಲಿಯಲ್ಲಿ ಟುರಿನ್ನಿನ ವಿಟಲೋನಿ. ವಿಟಲೋನಿಯ ಸೆಬ್ರಿಂಗ್ ಎಂಬ ಗುಂಡಿನಾಕಾರದ ಕನ್ನಡಿ ಫ್ಲೋರಿಡಾದ ರೇಸ್ ಊರಿನ ಹೆಸರನ್ನು ಹೊತ್ತಿದೆ. ಪೋರ್ಷೆ 356 ಮತ್ತು ಮೊದಮೊದಲ 911ರ ಮೇಲಿನ ದುಂಡು ಕನ್ನಡಿ ಡ್ಯುರಾಂಟ್. ಕಾರಿನ ಕಾಲಕ್ಕೆ ಸರಿಹೊಂದುವ ಕನ್ನಡಿ ಬೇಕೆಂದರೆ ಹಳೆಯ ಫೋಟೋಗಳಲ್ಲಿ ಹುಡುಕುವುದೇ ನಂಬಿಕೆಯ ದಾರಿ.

ಹಳೆಯ ಕನ್ನಡಿಯ ಹೊಳಪು ಹೋಗಿದ್ದರೆ ಬೇರೆ ಕ್ರೋಮ್ ಹಾಕಿಸಿದರಾಯಿತು ಎನ್ನುತ್ತೀರಾ? ಮೊದಲು ಕೈಯಲ್ಲಿ ಹಿಡಿದು ಲೋಹ ಯಾವುದೆಂದು ನೋಡಿ. ಹಿತ್ತಾಳೆಯಾದರೆ ಸಂತೋಷ, ಕ್ರೋಮ್ ಕೂರುತ್ತದೆ. ಬ್ರಿಟಿಷ್ ಕನ್ನಡಿಗಳ ಬುಡ ಮತ್ತು ಕಾಂಡ ಬಹಳ ಸಲ ಮಝಾಕ್ ಎಂಬ ಸತುವಿನ ಮಿಶ್ರಲೋಹದ ಎರಕ. ಅದು ಒಳಗಿನಿಂದ ಕೊರೆದು ಗುಳಿ ಬೀಳುತ್ತದೆ. ಪ್ಲೇಟಿಂಗಿನವರು ಆ ಗುಳಿಗಳನ್ನು ಉಜ್ಜಿ, ತಾಮ್ರದಿಂದ ತುಂಬಿ, ಮತ್ತೆ ಉಜ್ಜಬೇಕು. ಎಲ್ಲರೂ ಈ ಕೆಲಸ ಒಪ್ಪಿಕೊಳ್ಳುವುದಿಲ್ಲ. ಅಂದಹಾಗೆ, ಕ್ರೋಮ್ ಎಂದು ನಾವು ಮೆಚ್ಚುವ ಹೊಳಪಿನ ದೊಡ್ಡ ಪಾಲು ಅದರ ಕೆಳಗಿನ ನಿಕ್ಕಲ್ ಪದರದ್ದು. ಮೇಲಿನ ಕ್ರೋಮ್ ಒಂದು ಮೈಕ್ರಾನಿನಷ್ಟೂ ದಪ್ಪವಿರುವುದಿಲ್ಲ.

ಗಾಜಿನ ಅಂಚು ಕಪ್ಪಾಗಿದ್ದರೆ ತೇವ ನುಗ್ಗಿ ಹಿಂದಿನ ಬೆಳ್ಳಿ ಲೇಪ ಕೊಳೆತಿದೆ ಎಂದರ್ಥ. ಚೌಕಟ್ಟು ಚೆನ್ನಾಗಿದ್ದರೆ ಗಾಜು ಮಾತ್ರ ಹೊಸದು ಕತ್ತರಿಸಿ ಹಾಕಿಸಬಹುದು, ಅಗ್ಗವೂ ಹೌದು.

ಈಗ ಕಾರಿನ ಹತ್ತಿರ ಬನ್ನಿ. ಅಳತೆ ಟೇಪಿಗಿಂತ ಮೊದಲು ಬೇಕಾದ್ದು ಒಬ್ಬ ಜೊತೆಗಾರ. ನೀವು ಎಂದಿನಂತೆ ಸೀಟಿನಲ್ಲಿ ಕುಳಿತು, ಬೆಲ್ಟ್ ಹಾಕಿ, ಸ್ಟಿಯರಿಂಗ್ ಹಿಡಿಯಿರಿ. ಅವರು ಕನ್ನಡಿಯನ್ನು ಕೈಯಲ್ಲಿ ಹಿಡಿದು ನಿಧಾನ ಹಿಂದೆ ಮುಂದೆ ಸರಿಸಲಿ. ಹಳೆಯ ಕಾರುಗಳಲ್ಲಿ ಕಿಟಕಿಯ ಮುಂಭಾಗಕ್ಕೆ ತ್ರಿಕೋನದ ಚಿಕ್ಕ ಗಾಜು, ಅದಕ್ಕೊಂದು ಲಂಬ ಪಟ್ಟಿ ಇರುತ್ತದೆ. ಅಂಗುಲ ಹಿಂದೆ ಮುಂದೆ ಆದರೂ ಆ ಪಟ್ಟಿ ಕನ್ನಡಿಯ ನಟ್ಟನಡುವೆ ಬಂದು ನಿಲ್ಲುತ್ತದೆ. ತ್ರಿಕೋನದ ಗಾಜು ತೆರೆದರೆ ಕನ್ನಡಿಗೆ ತಾಗುತ್ತದೆಯೇ, ಬಾಗಿಲು ಪೂರ್ತಿ ತೆಗೆದಾಗ ಮಡ್‌ಗಾರ್ಡಿಗೆ ಬಡಿಯುತ್ತದೆಯೇ ಎಂದೂ ನೋಡಿ. ಸಿಕ್ಕ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ.

ಇನ್ನೊಂದು ಬದಿಗೆ ಅದೇ ಅಳತೆಯನ್ನು ಕನ್ನಡಿಬಿಂಬದಂತೆ ಇಳಿಸುವುದೇ ಎಲ್ಲರೂ ಮಾಡುವ ಕೆಲಸ, ಎಲ್ಲರೂ ಪಶ್ಚಾತ್ತಾಪ ಪಡುವ ಕೆಲಸವೂ ಹೌದು. ಚಾಲಕನಿಂದ ಆ ಕನ್ನಡಿ ಇಮ್ಮಡಿ ದೂರ, ನೋಡುವ ಕೋನವೇ ಬೇರೆ. ಮುಂಗಾಜಿನ ಕಂಬ ಅಡ್ಡ ಬರಬಹುದು, ಪಕ್ಕದಲ್ಲಿ ಕುಳಿತವರ ಭುಜ ಅಡ್ಡ ಬರಬಹುದು. ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡೇ ಜಾಗ ನಿರ್ಧರಿಸಿ. ಹೊರಗಿನಿಂದ ನೋಡುವವರಿಗೆ ಎರಡು ಕನ್ನಡಿ ಸರಿಸಮ ಕಾಣದಿದ್ದರೆ ಕಾಣದಿರಲಿ.

ಡ್ರಿಲ್ ಮಾಡುವಾಗ ಕಿಟಕಿಯ ಗಾಜು ಮೇಲಿರಬೇಕು. ಕೆಳಗಿಳಿಸಿದ ಗಾಜು ಬಾಗಿಲ ತಗಡಿನ ಹಿಂದೆಯೇ ನಿಂತಿರುತ್ತದೆ, ಬಿಟ್ ಒಳನುಗ್ಗಿದರೆ ಗಾಜು ಪುಡಿ. ಬಿಟ್ಟಿಗೆ ಟೇಪ್ ಸುತ್ತಿ ಆಳಕ್ಕೆ ಮಿತಿ ಹಾಕಿಕೊಳ್ಳಿ. ಸ್ಕ್ರೂ ಕೂಡ ಗಿಡ್ಡದಿರಲಿ. ಉದ್ದದ ಸ್ಕ್ರೂ ಗಾಜು ಇಳಿಸಿದಾಗಲೆಲ್ಲ ಅದನ್ನು ಗೀರುತ್ತದೆ. ಸೆಂಟರ್ ಪಂಚಿನಿಂದ ಮೆಲ್ಲಗೆ ಒಂದು ಚುಕ್ಕಿ, ಮೊದಲು 3 ಮಿ.ಮೀ. ತೂತು, ಆಮೇಲೆ ಬೇಕಾದ ಅಳತೆಗೆ ಹಿಗ್ಗಿಸುವುದು. ಅಂಚನ್ನು ನಯಗೊಳಿಸಿ ಬರಿಯ ಲೋಹಕ್ಕೆ ಪ್ರೈಮರ್ ಹಚ್ಚಿ, ಒಣಗಲು ಬಿಡಿ. ಬುಡದ ಕೆಳಗೆ ರಬ್ಬರ್ ಹಾಸು ಇಲ್ಲದೆ ಯಾವ ಕನ್ನಡಿಯನ್ನೂ ಕೂರಿಸಬೇಡಿ. ಕಬ್ಬಿಣದ ಚೂರುಗಳು ಬಾಗಿಲೊಳಗೆ ಬಿದ್ದಿರುತ್ತವೆ, ಅವನ್ನು ಆಯಸ್ಕಾಂತದಿಂದಲೋ ವ್ಯಾಕ್ಯೂಮಿನಿಂದಲೋ ತೆಗೆಯದಿದ್ದರೆ ಮೊದಲ ಮಳೆಗೇ ಬಾಗಿಲ ತಳದಲ್ಲಿ ತುಕ್ಕು ಶುರು. ಹೆಚ್ಚಿನ ಗ್ಯಾರೇಜುಗಳು ಮರೆಯುವ ಹಂತ ಇದು. ನಿಂತು ಮಾಡಿಸಿ.

ಲೋಟಸ್ ಎಲಾನ್, ಕಾರ್ವೆಟ್‌ಗಳ ಮೈ ಕಬ್ಬಿಣದ್ದಲ್ಲ, ಫೈಬರ್‌ಗ್ಲಾಸ್. ಸ್ಕ್ರೂ ಅತಿ ಬಿಗಿ ಮಾಡಿದರೆ ಬಣ್ಣದ ಮೇಲೆ ನಕ್ಷತ್ರದಂತೆ ಬಿರುಕು ಹರಡುತ್ತದೆ. ಒಳಗಡೆ ಅಗಲವಾದ ತಗಡಿನ ತುಂಡು ಕೊಟ್ಟು ಭಾರ ಹಂಚಬೇಕು. ಆಸ್ಟನ್ ಮಾರ್ಟಿನ್ ಡಿಬಿ5ರಂಥ ಅಲ್ಯೂಮಿನಿಯಂ ಮೈಗೆ ಸ್ಟೀಲ್ ಸ್ಕ್ರೂ ನೇರ ತಾಗಿದರೆ, ಮಳೆನೀರು ಸೇರಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ನೈಲಾನ್ ವಾಷರ್, ಗ್ರೀಸು ಇರಲಿ.

ತೂತೇ ಬೇಡ ಎನ್ನುವವರಿಗೂ ದಾರಿಯಿದೆ. ತ್ರಿಕೋನದ ಗಾಜಿನ ಚೌಕಟ್ಟಿಗೆ ಅಥವಾ ಬಾಗಿಲ ಅಂಚಿಗೆ ಕಚ್ಚಿಸುವ ಕ್ಲ್ಯಾಂಪ್ ಕನ್ನಡಿಗಳು ಆ ಕಾಲದಲ್ಲೂ ಇದ್ದವು, ಈಗಲೂ ಸಿಗುತ್ತವೆ. ತೂತಿಲ್ಲದ ಕಾರು ಸಿಕ್ಕಿದ್ದರೆ ನಾನು ಮೊದಲು ಕೇಳುವುದು ಇದನ್ನೇ. ಒಂದು ವರ್ಷ ಕ್ಲ್ಯಾಂಪಿನಲ್ಲಿ ಓಡಿಸಿದರೆ ಕನ್ನಡಿ ಎಲ್ಲಿರಬೇಕೆಂದು ತಾನಾಗಿ ತಿಳಿಯುತ್ತದೆ. ಬಣ್ಣ ಉಜ್ಜಿಹೋಗದಂತೆ ಕ್ಲ್ಯಾಂಪಿನ ಒಳಗೆ ರಬ್ಬರ್ ಇರಬೇಕು, ಅಷ್ಟೇ ಎಚ್ಚರ.

ನಡುವೆ ಇನ್ನೂ ಕೆಲವು ಸೋಜಿಗಗಳು. ಫೆರಾರಿ ಟೆಸ್ಟರೋಸಾಗೆ 1984ರಲ್ಲಿ ಬಂದಾಗ ಒಂದೇ ಪಕ್ಕದ ಕನ್ನಡಿ, ಅದೂ ಮುಂಗಾಜಿನ ಕಂಬದ ನಡು ಎತ್ತರದಲ್ಲಿ! ಮುಂದೆ ಅದು ಕೆಳಗಿಳಿಯಿತು, ಎರಡಾಯಿತು. ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಆ ಒಂಟಿ ಕನ್ನಡಿಯ ಕಾರನ್ನು.

ಲಂಬೋರ್ಗಿನಿ ಕೌಂಟಾಕ್ ಎಲ್‌ಪಿ400ರ ಚಾವಣಿಯ ಮೇಲೆ ಉದ್ದಕ್ಕೆ ಒಂದು ತಗ್ಗು ಇದೆ. ಹಿಂದೆ ನೋಡಲು ಪೆರಿಸ್ಕೋಪ್ ಮಾದರಿಯ ಕನ್ನಡಿ ಕೂರಿಸುವ ಯೋಜನೆಯ ಗುರುತು ಅದು. ಆ ಕಾರಿಗೆ ಪೆರಿಸ್ಕೋಪಿಯೊ ಎಂಬ ಅಡ್ಡಹೆಸರೇ ನಿಂತಿತು.

1992ರ ಜಾಗ್ವಾರ್ ಎಕ್ಸ್‌ಜೆ220 ತನ್ನ ಕಾಲದ ಅತಿ ವೇಗದ ಕಾರುಗಳಲ್ಲೊಂದು. ಅದರ ಪಕ್ಕದ ಕನ್ನಡಿಗಳು ಮಾತ್ರ ಸಿಟ್ರೊಯೆನ್ ಸಿಎಕ್ಸ್ ಎಂಬ ಫ್ರಾನ್ಸಿನ ಸಂಸಾರಿ ಕಾರಿನವು!

ಮತ್ತೆ ನಿಮ್ಮ ಕಾರಿಗೆ ಬನ್ನಿ. ಕನ್ನಡಿ ಕೂರಿಸಿದ ಮೇಲೆ ತಿರುಗಿಸುವುದು ಹೇಗೆ? ತಮ್ಮ ಕಾರಿನ ಮೈ ಅರ್ಧ ಕಾಣುವಂತೆ ಕನ್ನಡಿ ಇಟ್ಟುಕೊಳ್ಳುವವರು ಬಹಳ. ಕ್ರೈಸ್ಲರ್‌ನಲ್ಲಿ ಎಂಜಿನಿಯರ್ ಆಗಿದ್ದ ಜಾರ್ಜ್ ಪ್ಲಾಟ್ಜರ್ 1995ರಲ್ಲಿ ಬರೆದ ಪ್ರಬಂಧ ಬೇರೆ ದಾರಿ ತೋರಿಸಿತು. ತಲೆಯನ್ನು ಚಾಲಕನ ಕಿಟಕಿಗೆ ತಾಗಿಸಿ, ಆಗ ಕಾರಿನ ಬದಿ ಕಂಡೂ ಕಾಣದಂತೆ ಆ ಬದಿಯ ಕನ್ನಡಿಯನ್ನು ಹೊರಕ್ಕೆ ತಿರುಗಿಸಿ. ಇನ್ನೊಂದಕ್ಕೆ ತಲೆಯನ್ನು ಕಾರಿನ ನಡುವಿಗೆ ತಂದು ಹಾಗೆಯೇ ಮಾಡಿ. ನೇರ ಹಿಂದಿನದನ್ನು ಒಳಗನ್ನಡಿ ನೋಡಿಕೊಳ್ಳುತ್ತದೆ, ಪಕ್ಕದವು ಕಾಣದ ಮೂಲೆಗಳನ್ನು ನೋಡಿಕೊಳ್ಳುತ್ತವೆ. ಗಾಜು ಚಿಕ್ಕದಿರುವ ಹಳೆಯ ಕಾರಿಗೆ ಈ ಕ್ರಮ ಇನ್ನೂ ಹೆಚ್ಚು ಸಲ್ಲುತ್ತದೆ. ಹುಡ್ ಏರಿಸಿದಾಗ ಒಳಗನ್ನಡಿ ಕೈಕೊಡುವ ಕಾರಿನಲ್ಲಿ ಮಾತ್ರ ಚಾಲಕನ ಬದಿಯದನ್ನು ಸ್ವಲ್ಪ ಒಳಕ್ಕೆ ತಂದುಕೊಳ್ಳಿ.

ಭಾರತದಲ್ಲಿ 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಕಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ. ಕಾರು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಕನ್ನಡಿ ಕೂರಿಸುವುದು ಅಷ್ಟು ದೊಡ್ಡ ಮಾರ್ಪಾಡಲ್ಲ. ಹಾಗೆಂದು ಡ್ರಿಲ್ ಹಿಡಿಯಲು ಅವಸರ ಬೇಡ. ಟೇಪಿನ ಗುರುತನ್ನು ಒಂದು ವಾರ ಹಾಗೇ ಬಿಡಿ, ನಿಮ್ಮ ಮನೆಯಲ್ಲಿ ಆ ಕಾರು ಓಡಿಸುವ ಪ್ರತಿಯೊಬ್ಬರನ್ನೂ ಸೀಟಿನಲ್ಲಿ ಕೂರಿಸಿ ಕಾಣುತ್ತದೆಯೇ ಎಂದು ಕೇಳಿ, ಎಲ್ಲರೂ ಹೌದೆಂದ ಮೇಲೆ ತೂತು ಕೊರೆಯಿರಿ.